ಪಾಯಾಳು ಸುಮನಬಾಯಿಯ ಎಡಟೊಂಕ

ಬೀದರಿನ ಮೈಲೂರಿನಲ್ಲಿ ಫಿಜಿಯೋಥೆರಪಿ ಮಾಡುವ ನಸ್ರೀನ, ಸುಮನಬಾಯಿಯನ್ನು ಗೋಡೆಯ ಹತ್ತಿರ ನಿಲ್ಲಿಸಿ ಎಡಗಾಲು ಎತ್ತಲು ಹೇಳಿದಳು. ಸುಮನಬಾಯಿ ಬಲಗಾಲ ಮೇಲೆ ಗಟ್ಟಿಯಾಗಿ ನಿಂತಳು.

"ಈಗ ಬಲಗಾಲ ಎತ್ರಿ ಮೌಶಿ."

ಎತ್ತಿದ್ದೇ ತಡ, ಬಲಗಡೆಯ ಸೊಂಟ ಕೆಳಗೆ ಜಾರಿತು, ಮೈ ಎಡಕ್ಕೆ ವಾಲಿತು. ಬೀಳುವ ಮೊದಲು ಅವಳು ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ ಗಂಡನ ತಲೆಯನ್ನೇ ಹಿಡಿದುಕೊಂಡಳು.

"ನನ್ನ ಟೊಪಗಿ ಬಿತ್ತು," ಅಂದ ಗಂಡ ಕಾಶೀರಾಮ.

"ಟೊಪಗಿ ಬಿದ್ರ ಎತ್ಕೋಬಹುದು. ನಾ ಬಿದ್ರ ಎತ್ತೋರು ಯಾರು?"

ನಸ್ರೀನ ನಗಲಿಲ್ಲ. ಹೋದ ತಿಂಗಳು ಬಂದಾಗಲೂ ಸುಮನಬಾಯಿ ಇಷ್ಟೇ ವಾಲಿದ್ದಳು.

"ಎಡಕ್ಕ ಹೊಳ್ಳಿ ಮಲಗ್ತೀರೇನು?"

"ಇಲ್ಲ ಬೇಟಿ. ಬಲಕ್ಕೇ. ನೀ ಹೇಳಿದಂಗ ಮೊಣಕಾಲ ನಡುವ ತೆಲಿದಿಂಬ ಇಟ್ಕೊಂಡೇ ಮಲಗ್ತೇನಿ."

"ಕಾಲ ಮ್ಯಾಲೆ ಕಾಲ ಹಾಕಿ ಕೂಡ್ತೀರಿ?"

"ಊಟಾನೂ ಖುರ್ಚಿ ಮ್ಯಾಲೇ. ನೆಲಕ್ಕ ಕುಂತು ಎಷ್ಟು ದಿನಾತೋ."

"ವ್ಯಾಯಾಮ?"

"ದಿನಾ ಮಾಡಸ್ತಾರ ಇವರು. ಬೆತ್ತ ಒಂದು ಕಡಿಮಿ ಅದ, ಇಲ್ಲಾಂದ್ರ ಸಾಲಿ ಮಾಸ್ತರೇ."

"ಮತ್ತ ಯಾಕ ಕಮ್ಮಿ ಆಗಿಲ್ಲ?" ನಸ್ರೀನ ಎಂ.ಆರ್.ಐ. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇಲ್ಲಿ ನೋಡ್ರಿ. ಇದು ಟೊಂಕದ ಪಕ್ಕದ ಎಲುಬು. ಕುಂಡಿ ಮಾಂಸ ಒಂದು ಗಟ್ಟಿ ಹುರಿಯಾಗಿ ಬಂದು ಈ ಎಲುಬಿಗೆ ಅಂಟಿಕೊಂಡಿರ್ತದ. ಒಂದ ಕಾಲ ಮ್ಯಾಲೆ ನಿಂತಾಗ ಇನ್ನೊಂದು ಕಡಿ ಟೊಂಕ ಕೆಳಗ ಇಳಿಬಾರದಲ್ಲ, ಅದಕ್ಕ ಇದು ಎಳದು ಹಿಡಿತದ. ಶಾಮಿಯಾನದ ಕಂಬಕ್ಕ ಹಗ್ಗ ಹಿಡದಂಗ. ನಿಮ್ಮ ಹುರಿ ಅರ್ಧ ಹರದದ. ಉಳಿದ ಅರ್ಧಕ್ಕ ಪೂರಾ ಭಾರ ಕೊಟ್ರ ಅದೂ ಹರೀತದ. ಆಮ್ಯಾಲ ಕೊಯ್ದು ಹೊಲಿಬೇಕಾಗ್ತದ. ಹೊಲಿದ್ರೂ ಕುಂಟು ಪೂರ್ತಿ ಹೋಗ್ತದಂತ ಯಾರೂ ಬರದು ಕೊಡೂದಿಲ್ಲ. ಖರೇ ಹೇಳ್ರಿ, ಈ ಕಾಲ ಮ್ಯಾಲೆ ಏನು ಕೆಲಸ ಮಾಡ್ತೀರಿ?"

ಸುಮನಬಾಯಿ ಸೆರಗು ಸರಿ ಮಾಡಿಕೊಂಡಳು.

"ಹೇಳು," ಅಂದ ಕಾಶೀರಾಮ. "ಊರ ಮಂದಿಗೆ ಒದಿತೀನಿ ಅಂತ ಹೇಳು."

ಹೇಳದೆ ವಿಧಿಯಿರಲಿಲ್ಲ. ಸುಮನಬಾಯಿ ಪಾಯಾಳು. ಅಂದರೆ ತಾಯಿಯ ಹೊಟ್ಟೆಯಿಂದ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರ ಕಾಲು ತಾಗಿದರೆ ಹಿಡಿದ ನಡು ಬಿಡುತ್ತದೆ ಎಂದು ಗಡಿಯ ಹಳ್ಳಿಗಳಲ್ಲಿ ನಂಬುವವರು ಈಗಲೂ ಇದ್ದಾರೆ. ಔರಾದ ತಾಲೂಕಿನ ಡಾಬಕಾದಲ್ಲಿ ಭಾನುವಾರ ಮುಂಜಾನೆ ನಡು ಹಿಡಿದವರು ಅವಳ ಅಂಗಳಕ್ಕೆ ಬರುತ್ತಾರೆ. ಬೇವಿನ ಮರಕ್ಕೆ ಕೈ ಕೊಟ್ಟು ಬಗ್ಗುತ್ತಾರೆ. ಅವಳು ಎಡಗಾಲ ಮೇಲೆ ನಿಂತು ಬಲಗಾಲಿನ ಅಂಗಾಲನ್ನು ಅವರ ನಡುವಿಗೆ ಮೆಲ್ಲಗೆ ತಾಗಿಸುತ್ತಾಳೆ. ಒದೆಯುವುದು ಎಂದು ಹೆಸರು, ಅಷ್ಟೇ.

ತನಗೇ ಟೊಂಕ ನೋಯಲು ಶುರುವಾದಾಗ ಅದೂ ನಡು ಹಿಡಿದದ್ದೇ ಎಂದುಕೊಂಡು, ಭಾಲ್ಕಿ ತಾಲೂಕಿನ ಮೆಹಕರದವರೆಗೆ ಹೋಗಿ ಅಲ್ಲಿನ ಪಾಯಾಳು ಯಾಕೂಬನ ಕಾಲು ತಾಗಿಸಿಕೊಂಡು ಬಂದಿದ್ದಳು. ಅವನ ಅಂಗಾಲು ಸರಿಯಾಗಿ ಆ ಎಲುಬಿನ ಮೇಲೇ ಬಿದ್ದು ಅವಳು ಕೂಗಿದ ಕೂಗಿಗೆ ಯಾಕೂಬನೇ ಹೆದರಿ ಹಿಂದೆ ಸರಿದಿದ್ದ.

ನಸ್ರೀನಳಿಗೆ ಈಗ ನಗು ಬಂತು. "ವಾರಾ ಪೂರ್ತಿ ನಾ ಹೊಲೀತೇನಿ, ಐತವಾರ ನೀವು ಹರೀತೀರಿ. ಇನ್ನ ಮ್ಯಾಲ ಮಾಡಬ್ಯಾಡ್ರಿ. ಮಾಡ್ಲೇಬೇಕಂದ್ರ ಕುಂತು ಮಾಡ್ರಿ."

"ನಾ ಖುರ್ಚಿ ಮ್ಯಾಲೆ ಕುಂತ್ರ ನನ್ನ ಕಾಲು ಎಲ್ಲೀತನ ಏರ್ತದ ಬೇಟಿ? ಅವರು ನನ್ನ ಮುಂದ ನೆಲಕ್ಕ ಕೂಡಬೇಕಾಗ್ತದ."

"ಕೂಡ್ಲಿ."

"ಯಾರು ಕೂಡ್ತಾರ?"

ಕಾಶೀರಾಮನ ಅಜ್ಜನ ಕಾಲದಲ್ಲಿ ಅವರ ಓಣಿಯವರು ಡಾಬಕಾದ ದೊಡ್ಡ ಬಾವಿಯ ಕಟ್ಟೆ ಹತ್ತುವಂತಿರಲಿಲ್ಲ. ಬೌದ್ಧರಾದರು, ಓದಿದರು, ಹೊಲ ಕೊಂಡರು, ನೌಕರಿ ಹಿಡಿದರು. ಆದರೂ ದೊಡ್ಡ ಮನೆಯವರು ಇವರ ಓಣಿಗೆ ಬರುವುದು ಓಟು ಕೇಳಲು, ಇಲ್ಲವೆ ನಡು ಹಿಡಿದಾಗ. ಓಟು ಯಾವಾಗಲೋ ಒಮ್ಮೆ. ನಡು ಮಾತ್ರ ಯಾವಾಗ ಬೇಕಾದರೂ ಹಿಡಿಯುತ್ತದೆ. ಬಗ್ಗಿ ನಿಲ್ಲುವುದಕ್ಕೆ ಅವರು ಒಗ್ಗಿದ್ದರು. ಸುಮನಬಾಯಿಯ ಕಾಲ ಬುಡದಲ್ಲಿ ಕೂರುವುದು ಬೇರೆ ಮಾತು.

ಊರಿಗೆ ಮರಳುವಾಗ ಬಸ್ಸಿನಲ್ಲಿ ಅವಳು ಕಿಟಕಿ ಕಡೆ ಮುಖ ಮಾಡಿ ಹೇಳಿದಳು, "ಒಮ್ಮಿ ಇಲ್ಲಂದ್ರ ಮುಗೀತು ನೋಡ್ರಿ. ಮಂದಿ ಬ್ಯಾರೆ ಪಾಯಾಳು ಹುಡುಕ್ತಾರ. ನಮ್ಮ ಅಂಗಳಕ್ಕ ಯಾರೂ ಬರಲ್ಲ."

"ಬರ್ದಿದ್ರ ಬ್ಯಾಡ. ನಿನಗ ನಡಿಲಾಕ ಬರಬೇಕು," ಅಂದ ಕಾಶೀರಾಮ. ಆಮೇಲೆ ಟೊಪಗಿ ಸರಿ ಮಾಡಿಕೊಂಡು, "ಖುರ್ಚಿ ಹಾಕಿ ನೋಡಣು. ಹೋಗೋರು ಹೋಗ್ಲಿ," ಅಂದ.

ಭಾನುವಾರ ಬೇವಿನ ಮರದ ಕೆಳಗೆ ಪ್ಲಾಸ್ಟಿಕ್ ಖುರ್ಚಿ ಬಿತ್ತು. ಪಕ್ಕದ ಮನೆಯ ಶಾಲುಬಾಯಿ ಹಲ್ಲುಜ್ಜುತ್ತಲೇ ಬಂದು ನಿಂತಳು.

"ಅಬಬ! ಪಾಯಾಳು ಗಾದಿ ಏರ್ಯಾಳ. ಪಂಚಾಯ್ತಿಗೆ ನಿಂತೀಯೇನ ತಂಗಿ?"

"ನಿಲ್ಲಾಕ ಬರಲ್ಲಂತೇ ಕುಂತೀನಿ ಅಕ್ಕಾ."

ಮೊದಲು ಬಂದವನು ಶಿವರಾಜಪ್ಪ ಸಾವುಕಾರ. ತೊಗರಿ ಚೀಲ ಎತ್ತಲು ಹೋಗಿ ನಡು ಹಿಡಿದಿತ್ತು. ಅವನ ಹಿಂದೆ ಇನ್ನೂ ಇಬ್ಬರು ಗೇಟಿನಲ್ಲಿ ಕಾಯುತ್ತಿದ್ದರು. ಸಾವುಕಾರ ಯಾರ ಮುಖವನ್ನೂ ನೋಡದೆ ನೇರ ಮರದ ಹತ್ತಿರ ಹೋಗಿ, ಕೈಕೊಟ್ಟು ಬಗ್ಗಿದ.

"ಹೂಂ, ತಾಗಸು ಸುಮನಬಾಯಿ. ಲಗೂ."

"ಮರ ಬಿಡ್ರಿ ಸಾವುಕಾರ್ರ. ನೋವು ಕಾಲಿಗೆ ಇಳಿತದೇನ್ರಿ? ಜುಮ್ಮ ಅಂತದೇನು?"

"ಇದೇನು, ದವಾಖಾನಿ ಆತೇನು? ಇಲ್ಲ, ನಡುವಿನಾಗಷ್ಟೇ."

"ಹಂಗಾದ್ರ ಆತು. ಕಾಲಿಗೆ ಇಳಿದಿದ್ರ ಬೀದರಕ್ಕ ಹೋಗ್ರಿ ಅಂತಿದ್ದೆ. ಇತ್ತ ಬಂದು ಕೂಡ್ರಿ."

"ಎಲ್ಲಿ?"

"ಇಲ್ಲಿ, ನನ್ನ ಮುಂದ. ಬೆನ್ನು ಈ ಕಡಿ ಮಾಡಿ."

ಸಾವುಕಾರ ನೆಲ ನೋಡಿದ. ಶಾಲುಬಾಯಿ ಉಜ್ಜುವುದನ್ನು ನಿಲ್ಲಿಸಿದಳು.

"ನೆಲಕ್ಕ?"

"ನನ್ನ ಟೊಂಕದ ಹುರಿ ಹರದದ್ರಿ. ಒಂದ ಕಾಲ ಮ್ಯಾಲೆ ನಿಂತ್ರ ಪೂರಾ ಹರೀತದಂತ. ನಾ ನಿಲ್ಲಲ್ಲ."

ಕಾಶೀರಾಮ ಒಂದು ಗೋಣಿಚೀಲ ತಂದು ಖುರ್ಚಿಯ ಮುಂದೆ ಹಾಸಿದ. ಸಾವುಕಾರ ಗೇಟಿನ ಕಡೆ ನೋಡಿದ. ಅವನು ಹೋದರೆ ಆ ಇಬ್ಬರೂ ಹೋಗುತ್ತಾರೆ, ಅವರು ಹೋದರೆ ಮುಂದಿನ ವಾರ ಯಾರೂ ಬರುವುದಿಲ್ಲ ಎಂಬುದು ಸುಮನಬಾಯಿಗೆ ಗೊತ್ತಿತ್ತು. ದಯವಿಟ್ಟು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಆಡಲಿಲ್ಲ. ಎರಡೂ ಪಾದ ನೆಲಕ್ಕೆ ಊರಿ, ನಸ್ರೀನ ಹೇಳಿಕೊಟ್ಟಂತೆ ನೆಟ್ಟಗೆ ಕುಳಿತಳು.

"ಕೂಡೂದೇನು ದೊಡ್ಡ ಮಾತಲ್ಲ," ಅಂದ ಸಾವುಕಾರ ಕೊನೆಗೆ. "ಹೊಳ್ಳಿ ಏಳೂದು ಹ್ಯಾಂಗ? ಅದು ಹೇಳು."

"ಮೊದಲ ಕೂಡ್ರಿ. ಎಬ್ಬಸ್ಲಾಕ ಇವರದಾರ."

ಅವನು ಕಾಶೀರಾಮನ ತೋಳು ಹಿಡಿದು, "ಅಯ್ಯಪ್ಪಾ" ಅನ್ನುತ್ತ ಇಂಚಿಂಚೇ ಇಳಿದು ಗೋಣಿಚೀಲದ ಮೇಲೆ ಕುಳಿತ. ಸುಮನಬಾಯಿ ಬಲಗಾಲು ಎತ್ತಿ ಅವನ ನಡುವಿಗೆ ತಾಗಿಸಿದಳು, ತುಸು ಒತ್ತಿದಳು, ತೆಗೆದಳು. ಮತ್ತೆ ತಾಗಿಸಿದಳು. ಅವಳ ಎಡಟೊಂಕ ಒಮ್ಮೆಯೂ ಚುಚ್ಚಲಿಲ್ಲ.

"ಬಿಟ್ಟದೇನ್ರಿ?"

"ಬಿಟ್ಟಂಗ ಅದ. ನಿಂದರ್ಲಾಕ ಬಂದ್ರ ಬಿಟ್ಟದ ಅಂತ." ಅವನು ಹಿಂದಕ್ಕೆ ಅವಳ ಕಡೆ ಕೈ ಚಾಚಿದ. "ಹಿಡಿ, ಎಬ್ಬಸು."

"ನಾ ಎಳದ್ರ ಇಬ್ಬರೂ ಬೀದರ ದವಾಖಾನ್ಯಾಗ ಇರ್ತೇವ್ರಿ. ಖುರ್ಚಿ ಹಿಡಕೋರಿ."

ಶಾಲುಬಾಯಿ ಬಾಯಿಯ ನೊರೆಯೊಂದಿಗೇ ನಕ್ಕುಬಿಟ್ಟಳು. ಸಾವುಕಾರನಿಗೂ ನಗು ಬಂತು. ನಕ್ಕದ್ದಕ್ಕೆ ನಡು ನೊಂದು ಮತ್ತೆ "ಅಯ್ಯಪ್ಪಾ" ಅಂದ. ಒಂದು ಕೈಯಲ್ಲಿ ಅವಳ ಖುರ್ಚಿಯ ಕಾಲು, ಇನ್ನೊಂದರಲ್ಲಿ ಕಾಶೀರಾಮನ ಹೆಗಲು ಹಿಡಿದು ಎದ್ದು, ಧೋತರದ ಧೂಳು ಝಾಡಿಸಿಕೊಂಡ.

ಅಷ್ಟರಲ್ಲಿ ಗೇಟಿನಲ್ಲಿದ್ದ ಒಬ್ಬ ಒಳಗೆ ಬಂದು, ರೂಢಿಯಂತೆ ಮರಕ್ಕೆ ಕೈ ಕೊಟ್ಟು ಬಗ್ಗಿದ್ದ.

"ಏ, ಅಲ್ಲಲ್ಲೋ," ಅಂದ ಸಾವುಕಾರ. "ಅಕಿ ಟೊಂಕ ಹರದದ. ಬಂದು ಇಲ್ಲಿ ಕೂಡು."