ರಾಜನ ಮೇಲಿನ ಬೆಳಕು

ರಂಗಶಾಲೆಯಲ್ಲಿ ಬೆಳಕಿನ ವಿನ್ಯಾಸ ಕಲಿಯುತ್ತಿದ್ದ ಹುಡುಗಿ ಸಿಂಹಾಸನಕ್ಕೆ ಗುರಿಯಿಟ್ಟು ನಿಲ್ಲಿಸಿದ ದೀಪ, ತಾಲೀಮಿನ ಹೊತ್ತಿಗೆ ಪಕ್ಕಕ್ಕೆ ತಿರುಗಿರುತ್ತಿತ್ತು. ಈ ನಾಟಕದ ಬೆಳಕಿನ ಹೊಣೆ ತನಗೆ ಸಿಗಲಿಲ್ಲವೆಂದು ಬೇಸರಪಟ್ಟಿದ್ದ ಸಹಪಾಠಿಯೊಬ್ಬನ ಮೇಲೇ ಅವಳಿಗೆ ಗುಮಾನಿ.

"ಹೊಟ್ಟೆಕಿಚ್ಚೇನೋ ನಿನಗೆ?" ಎಂದು ಎಲ್ಲರೆದುರೇ ಕೇಳಿಬಿಟ್ಟಳು. ಅವನು ಮುಖ ಸಪ್ಪಗೆ ಮಾಡಿಕೊಂಡು ಹೊರಟುಹೋದ.

ಮರುದಿನ ಊಟದ ಬಿಡುವಿನಲ್ಲಿ ಪರದೆಯ ಹಿಂದೆ ಅಡಗಿ ಕಾದಳು. ದೀಪಕ್ಕೆ ಕೈಹಾಕಿದವರು ರಾಜನ ಪಾತ್ರದ ಹಿರಿಯ ನಟರು. ಆ ಕೈ ಗಡಗಡ ನಡುಗುತ್ತಿತ್ತು.

"ನೀವಾ ಸಾರ್?"

"ಈ ಬೆಳಕಲ್ಲಿ ನಡುಕ ಎದ್ದು ಕಾಣತ್ತಮ್ಮ. ನಿರ್ದೇಶಕರು ನೋಡಿದ್ರೆ ಪಾತ್ರ ಹೋದಂಗೇ. ಯಾರಿಗೂ ಹೇಳಬೇಡ."

ಅವಳು ಮುಖ ಮಾತ್ರ ಬೆಳಗಿ ಕೈಗಳು ನೆರಳಿನಲ್ಲಿರುವಂತೆ ದೀಪವನ್ನು ಹೊಂದಿಸಿದಳು. ಸಂಜೆ ಸಹಪಾಠಿಯ ಬಳಿ ಹೋಗಿ, "ತಪ್ಪಾಯ್ತು ಕಣೋ, ನೀನಲ್ಲ," ಎಂದಳು.

"ಮತ್ತೆ ಯಾರು?"

"ಅದೊಂದು ಮಾತ್ರ ಕೇಳಬೇಡ," ಎಂದಳು. ಇವಳೇ ದೀಪ ತಿರುಗಿಸಿ ನಾಟಕವಾಡಿದಳೇನೋ ಎಂಬಂತೆ ಅವನು ಅವಳನ್ನೇ ದುರುಗುಟ್ಟಿ ನೋಡಿದ.