ಬಾಳೆಕಾಯಿ ಖೋಲಿಯ ಬ್ಲ್ಯಾಕ್ ಮೆಟಲ್

ಹನ್ನೆರಡು ವರ್ಷ ಸುಮ್ಮನಿದ್ದ ಗಂಟಲು ಕರೆದ ಕೂಡಲೇ ಓಡಿಬರುತ್ತದೆಂದು ಕಾಶಿರಾಯ ನಂಬಿದ್ದೇ ತಪ್ಪು. ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಟ್ಯೂಷನ್ ಹೇಳುತ್ತ, ಮಕ್ಕಳ ಅಪ್ಪ-ಅವ್ವಂದಿರೆದುರು ಮೆತ್ತಗೆ ಮಾತಾಡುತ್ತ ಅದು ಸಾಧುವಾಗಿಬಿಟ್ಟಿತ್ತು. ಕಾಲೇಜಿನಲ್ಲಿದ್ದಾಗ ಅವನು, ಗಿಟಾರಿನ ಜಗದೇವಪ್ಪ, ಡ್ರಮ್ಮಿನ ಖಮರುದ್ದೀನ್ ಕೂಡಿ ಬ್ಲ್ಯಾಕ್ ಮೆಟಲ್ ಬ್ಯಾಂಡು ಕಟ್ಟಿದ್ದರು. ಹೆಣದಂತೆ ಮುಖಕ್ಕೆ ಬಿಳಿ ಬಳಿದುಕೊಂಡು ಗಂಟಲು ಹರಿಯುವಂತೆ ಕಿರುಚುವ ಸಂಗೀತ. ಊರು ಕಿವಿ ಮುಚ್ಚಿಕೊಂಡಿತು. ಇವರು ಅದನ್ನೇ ಮೆಚ್ಚುಗೆ ಅಂದುಕೊಂಡರು. ಒಂದು ಕ್ಯಾಸೆಟ್ಟು ತಂದರು. ಆಮೇಲೆ ನೌಕರಿ, ಮದುವೆ, ಮಕ್ಕಳು. ಬ್ಯಾಂಡು ಮೂಲೆ ಸೇರಿತು.

೨೦೦೩ರ ಬೇಸಿಗೆಯಲ್ಲಿ ಎರಡನೆಯ ಕ್ಯಾಸೆಟ್ಟಿನ ಹುಕಿ ಹುಟ್ಟಿತು. ಕಾಲೋನಿಯಲ್ಲಿ ಕಿರುಚಿದರೆ ಪೊಲೀಸರು ಬಂದಾರೆಂದು ಜಗದೇವಪ್ಪನ ಊರು ಕಮಲಾಪುರಕ್ಕೆ ಹೋದರು. ಅವನ ಮನೆಯ ಹಿಂದೆ ಬಾಳೆಕಾಯಿ ಹಣ್ಣಿಗಿಡುವ ಖೋಲಿ ಇತ್ತು. ಕಿಟಕಿಯಿಲ್ಲ, ಗೋಡೆ ದಪ್ಪ. ಕಾಶಿರಾಯ ಕಿರುಚಿದ. ಬಂದದ್ದು ಕೆಮ್ಮು. ಮತ್ತೆ ಕಿರುಚಿದ. ನೆಗಡಿಯಾದ ಕೋಳಿಯ ದನಿ. ಈ ಸಲ ಆಗದಿದ್ದರೆ ತಾನಿನ್ನು ಸಾಯುವತನಕ ಬರೀ ಟ್ಯೂಷನ್ ಮಾಸ್ತರ ಎಂದು ಅವನಿಗೆ ಹೊಳೆಯಿತು.

"ಮುಖಕ್ಕ ಬಳಕೊಂಡ್ರ ದನಿ ಬರ್ತದೋ," ಅಂದ ಖಮರುದ್ದೀನ್.

ಆ ಬಣ್ಣ ಕಮಲಾಪುರದಲ್ಲಿ ಎಲ್ಲಿ ಸಿಗಬೇಕು? ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿ ಇತ್ತು. ನೀರಲ್ಲಿ ತೇಯ್ದು ಮೊದಲು ಜಗದೇವಪ್ಪನ ಮುಖ, ಕೊರಳು, ತೋಳಿಗೆಲ್ಲ ದಪ್ಪಗೆ ಬಳಿದರು. ಒಣಗಲೆಂದು ಅವನು ಗೋಡೆಗೊರಗಿ ಚಕ್ಕಳಮಕ್ಕಳ ಕೂತು ಕಣ್ಣು ಮುಚ್ಚಿದ. ಹಾಡು ರೆಕಾರ್ಡು ಮಾಡಲು ಹಚ್ಚಿದ್ದ ಟೇಪು ಓಡುತ್ತಲೇ ಇತ್ತು.

ಅವರ ಮನೆತನದಲ್ಲಿ ಸತ್ತವರನ್ನು ಹೀಗೇ ವಿಭೂತಿ ಬಳಿದು, ಗೋಡೆಗೊರಗಿಸಿ ಕೂಡಿಸುತ್ತಾರೆ. ಕ್ಯಾಸೆಟ್ಟಿನ ಗುಂಗಿನಲ್ಲಿ ಜಗದೇವಪ್ಪನಿಗೇ ಅದು ಹೊಳೆದಿರಲಿಲ್ಲ. ಚಹಾ ತಂದ ಅವನ ತಾಯಿ ಚಂದಮ್ಮ ಬಾಗಿಲಲ್ಲಿ ನಿಂತು ಮಗನನ್ನು ನೋಡಿದಳು. ಕಿರುಚಿದಳು.

ಮಗ ಧಡಕ್ಕನೆ ಎದ್ದು ಆಕೆಯನ್ನು ಹಿಡಿದುಕೊಂಡ. ಆಕೆ ಸೆರಗಿನಿಂದ ಅವನ ಮುಖ ಒರೆಸಿದಳು, ಕಪಾಳಕ್ಕೆ ಎರಡು ಬಾರಿಸಿದಳು, ಮತ್ತೆ ಒರೆಸಿದಳು. "ನಿಮ್ಮಪ್ಪನ್ನ ಹಿಂಗೇ ಕುಂದ್ರಿಸಿದ್ದೆವಲ್ಲೋ," ಅಂದಳು. ಅವನು ಆಕೆಯನ್ನು ಹೊರಗೆ ಕರೆದೊಯ್ದು ಕಟ್ಟೆಯ ಮೇಲೆ ಕೂಡಿಸಿದ.

ಖಮರುದ್ದೀನ್ ಟೇಪು ಹಿಂದೆ ತಿರುಗಿಸಿ ಚಂದಮ್ಮನ ಕೂಗನ್ನು ಮತ್ತೆ ಕೇಳಿದ. "ಕಾಶಿ, ಇಂಥಾ ದನಿ ನಾ ಎಲ್ಲೂ ಕೇಳಿಲ್ಲ. ಇದನ್ನ ಇಡೂಣು. ಮಂದಿ ನಿಂದೇ ಅಂತಾರ."

ಕಾಶಿರಾಯನಿಗೆ ಆಸೆಯಾಯಿತು, ಸುಳ್ಳೇಕೆ. ಆ ಒಂದು ಕೂಗಿನಲ್ಲಿ ಅವನ ಮಾನ ಉಳಿಯುತ್ತಿತ್ತು. ಹೊರಗೆ ನೋಡಿದರೆ ಚಂದಮ್ಮ ಇನ್ನೂ ಮಗನ ಕೈ ಬಿಟ್ಟಿರಲಿಲ್ಲ.

"ಅಳಿಸು," ಅಂದ. "ಅದರ ಮ್ಯಾಲೇ ನಾ ಹಾಡ್ತೀನಿ."

ಹಾಡಿದ. ದನಿ ಏರಲು ಹೋಗಿ ಅರ್ಧದಲ್ಲೇ ಮುರಿಯುತ್ತಿತ್ತು, ಮುರಿದಲ್ಲಿಂದಲೇ ಮತ್ತೆ ಏಳುತ್ತಿತ್ತು. ಈ ಸಲ ಅವನು ಅದನ್ನು ಮುಚ್ಚಿಡಲು ಹೋಗಲಿಲ್ಲ. ಹಾಡು ಮುಗಿದಾಗ ಚಂದಮ್ಮ ಒಳಗೆ ಬಂದು ಅವನ ಬೆನ್ನ ಮೇಲೆ ಕೈಯಿಟ್ಟಳು.

"ಯಾರು ತೀರಿಹೋದ್ರೋ ತಮ್ಮಾ, ನಿಮ್ಮ ಮನ್ಯಾಗ?"

"ಯಾರೂ ಇಲ್ರೀ ಅವ್ವ," ಅಂದ ಕಾಶಿರಾಯ.

ಮುದುಕಿ ನಂಬಲಿಲ್ಲ. ಕೈ ತೆಗೆಯದೆ ಹಾಗೇ ನಿಂತಳು.