ಓಕುಳಿ ನೀರಿನ ಪಾಠ

ನಳಿನಿಗೆ ಸಿಟ್ಟಿದ್ದದ್ದು ಗುಜರಾತಿನ ಮೇಲಲ್ಲ, ಗಂಡನ ಇನ್ಶೂರೆನ್ಸ್ ಕಂಪನಿಯ ಮೇಲೆ. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ಬಿ.ಎಡ್. ಮುಗಿಸಿ, ಒಂದು ಶಾಲೆಯಲ್ಲಿ ಕಾಲೂರುವಷ್ಟರಲ್ಲಿ ಗಂಡ ಭೀಮಸೇನನಿಗೆ ಸೂರತ್ತಿಗೆ ವರ್ಗ. ಅಲ್ಲಿ ಹೇಗೋ ಒಂದು ನೌಕರಿ ಹಿಡಿದಳೋ ಇಲ್ಲವೋ, ವಡೋದರಾ. ಈಗ ಅಹಮದಾಬಾದ್. ಹೋದ ಶಾಲೆಯಲ್ಲೆಲ್ಲ ಗುಜರಾತಿ ಬರುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಚಹಾ ಕೊಟ್ಟು ಸಾಗಹಾಕುತ್ತಿದ್ದರು. ಆ ಚಹಾ ಕುಡಿದು ಕುಡಿದು ಅವಳಿಗೆ ಜೀವ ರೋಸಿಹೋಗಿತ್ತು. ಅಲ್ಲ, ಇಷ್ಟೆಲ್ಲ ಓದಿದ್ದು ಮನೆಯಲ್ಲಿ ಕೂತು ಉಪ್ಪಿಟ್ಟು ತಿರುವಲಿಕ್ಕೇನು?

ಅಂತೂ ಊರಾಚೆಯ ಬೋಪಾಲ್ ಬಡಾವಣೆಯ ಒಂದು ಹೊಸ ಇಂಗ್ಲಿಷ್ ಶಾಲೆ ಕರೆಯಿತು. ಗುಜರಾತಿ ಬಾರದಿದ್ದರೂ ನಡೆಯುತ್ತದೆ, ಏಳನೇ ತರಗತಿಗೆ ಒಂದು ಪಾಠ ಮಾಡಿ ತೋರಿಸಿ, ಹಿಡಿಸಿದರೆ ಜೂನ್‌ನಿಂದ ಬನ್ನಿ ಎಂದರು. ಪಾಠ ಯಾವುದು? ಭೌತಿಕ ಬದಲಾವಣೆ, ರಾಸಾಯನಿಕ ಬದಲಾವಣೆ. ನಳಿನಿಗೆ ನಿದ್ದೆಗಣ್ಣಿನಲ್ಲೂ ಹೇಳಲು ಬರುವಂಥದ್ದು. ಆದರೂ ಹಿಂದಿನ ದಿನವೆಲ್ಲ ಎದೆ ಡವಡವ. ಇದೂ ತಪ್ಪಿದರೆ ಇನ್ನು ಅರ್ಜಿ ಹಾಕುವುದಿಲ್ಲ ಎಂದು ಅವಳೇ ತೀರ್ಮಾನಿಸಿದ್ದಳು.

ಐಸ್ ಕರಗಿಸುವುದು, ಕಾಗದ ಸುಡುವುದು ಪುಸ್ತಕದಲ್ಲೇ ಇದ್ದವು. ಅವಳಿಗೆ ಅಷ್ಟು ಸಾಲಲಿಲ್ಲ. ಮಕ್ಕಳು ಬಾಯಿ ಬಿಟ್ಟು ನೋಡುವಂಥದ್ದು ಏನಾದರೂ ಬೇಕು ಎಂದು ಆರತಿಯ ಓಕುಳಿ ನೀರು ಮಾಡಲು ಹೊರಟಳು. ಬಾಣಂತಿಗೆ, ಮದುಮಕ್ಕಳಿಗೆ ದೃಷ್ಟಿ ತೆಗೆಯಲು ಅರಿಶಿಣದ ನೀರಿಗೆ ಚೂರು ಸುಣ್ಣ ಕಲಸುತ್ತಾರಲ್ಲ, ಹಳದಿ ಹೋಗಿ ರಕ್ತಗೆಂಪು ಆಗುತ್ತದಲ್ಲ, ಅದೇ. ಪಾನ್ ಅಂಗಡಿಯಿಂದ ಸುಣ್ಣ ತಂದಳು. ಅಡುಗೆ ಸೋಡಾದಲ್ಲಿ ನೊರೆ ಬರಿಸಲು ಒಂದು ನಿಂಬೆಹಣ್ಣೂ ಚೀಲ ಸೇರಿತು. ಭೀಮಸೇನ ಪೇಪರಿನಿಂದ ತಲೆ ಎತ್ತಿ ಹೇಳಿದ:

“ಪುಸ್ತಕದಾಗ ಇದ್ದಷ್ಟು ಹೇಳಿ ಬಾ. ನಿನ್ನ ಶಾಣ್ಯಾತನ ಎಲ್ಲಾ ಅಲ್ಲೇ ತೋರಸಬ್ಯಾಡ.”

ಗಂಡನ ಮಾತು ಮೈ ಉರಿಸಿತು. ಚೀಲದ ಬಾಯಿ ಬಿಗಿದು ಕಟ್ಟಿದಳು.

ಪಾಠ ಹೂವಿನ ಸರ ಎತ್ತಿದಂತೆ ಸಾಗಿತು. ಪ್ರಿನ್ಸಿಪಾಲ್ ಮಂದಾಕಿನಿಬೆನ್ ಪುಸ್ತಕ ತೆರೆದುಕೊಂಡು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಅವರ ಕಣ್ಣಿಗೆ ಬೀಳಲೆಂದೇ ನಳಿನಿ ಪುಸ್ತಕದ ಸಾಲನ್ನು ಬೋರ್ಡಿನ ಮೇಲೆ ದಪ್ಪಗೆ ಬರೆದಳು: ಮೊದಲಿನಂತಾಗುವುದು ಭೌತಿಕ, ಮೊದಲಿನಂತಾಗದ್ದು ರಾಸಾಯನಿಕ. ಐಸ್ ಕರಗಿತು, ಕಾಗದ ಉರಿಯಿತು. ಓಕುಳಿ ಕೆಂಪಾದಾಗಲಂತೂ ಇಡೀ ತರಗತಿ ಎದ್ದು ನಿಂತಿತು. ರಾಸಾಯನಿಕ ಬದಲಾವಣೆ ಎಂದು ನಳಿನಿ ಹೆಮ್ಮೆಯಿಂದಲೇ ಸಾರಿದಳು.

ನಂತರ ಸೋಡಾದ ಸರದಿ. ಮುಂದಿನ ಬೆಂಚಿನ ಕೃಪಾ ಎಂಬ ಹುಡುಗಿಯನ್ನು ಕರೆದು ನಿಂಬೆಹಣ್ಣಿನ ಹೋಳು ಕೈಗಿತ್ತಳು. ಹುಡುಗಿ ಸೋಡಾದ ಲೋಟ ಬಿಟ್ಟು ಪಕ್ಕದ ಓಕುಳಿಗೇ ಹಿಂಡಿಬಿಟ್ಟಳು. ನೋಡನೋಡುತ್ತಿದ್ದಂತೆ ಕೆಂಪು ಮಾಯವಾಗಿ ನೀರು ಮತ್ತೆ ಹಳದಿ!

ಕೃಪಾ ಲೋಟ ನೋಡಿದಳು, ಬೋರ್ಡ್ ನೋಡಿದಳು. ಮೊದಲಿನಂತೆಯೇ ಆಯಿತಲ್ಲ ಟೀಚರ್, ಹಾಗಿದ್ದರೆ ಇದು ಭೌತಿಕವಲ್ಲವೇ ಎಂದು ಕೇಳಿದಳು. ಕುಚೋದ್ಯದ ಪ್ರಶ್ನೆಯಲ್ಲ, ಹುಡುಗಿಗೆ ನಿಜವಾಗಿ ತಿಳಿಯಬೇಕಿತ್ತು.

ಎಂಥ ಒಳ್ಳೆಯ ಪ್ರಶ್ನೆ! ನಳಿನಿಗೆ ಖುಷಿಯಾಯಿತು. ಬೋರ್ಡಿನ ಸಾಲು ಪೂರ್ತಿ ಸರಿಯಲ್ಲ, ಹೊಸ ವಸ್ತು ಹುಟ್ಟಿದರೆ ಅದು ರಾಸಾಯನಿಕವೇ, ಮರಳಿ ಬಂದರೂ ಸರಿ, ಬಾರದಿದ್ದರೂ ಸರಿ, ಇಲ್ಲಿ ಹುಳಿ ಸುಣ್ಣವನ್ನು ಮುರಿದಿದೆ ಎಂದು ಬಿಡಿಸಿ ಹೇಳತೊಡಗಿದಳು. ಕೃಪಾ ಬರೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಕೊನೆಯ ಬೆಂಚಿನಿಂದ ಮಂದಾಕಿನಿಬೆನ್ ಎದ್ದರು. ಮಕ್ಕಳ ಮುಂದೆ ಪುಸ್ತಕವನ್ನು ತಪ್ಪು ಎನ್ನಬೇಡಿ, ಪರೀಕ್ಷೆಯಲ್ಲಿ ಕೇಳುವುದು ಈ ಸಾಲನ್ನೇ ಎಂದು ಮೆತ್ತಗೇ ಹೇಳಿದರು. ಗದರಿದ್ದರೆ ನಳಿನಿ ಎದುರು ವಾದಿಸುತ್ತಿದ್ದಳೇನೋ. ಅವರು ನಗುತ್ತ, ಪಾಠ ತುಂಬ ಚೆನ್ನಾಗಿದೆ, ಇದೊಂದನ್ನು ಪುಸ್ತಕದಂತೆ ಸರಿಮಾಡಿ ಮುಗಿಸಿಬಿಡಿ ಎಂದರು.

ಸರಿಮಾಡಬೇಕಂತೆ! ಸರಿಯಿದ್ದದ್ದನ್ನು ಸರಿಮಾಡುವುದು ಹೇಗೆ? ಸೂರತ್, ವಡೋದರಾ, ಆ ಎಲ್ಲ ಚಹಾದ ಕಪ್ಪುಗಳು ನೆನಪಾದವು. ಪಕ್ಕದ ಕೋಣೆಯಲ್ಲಿ ಇದೇ ನೌಕರಿಗೆ ಬಂದ ಇನ್ನೂ ಇಬ್ಬರು ತಮ್ಮ ಸರದಿಗೆ ಕಾಯುತ್ತಿದ್ದರು. ನಳಿನಿ ಸೀಮೆಸುಣ್ಣ ಎತ್ತಿಕೊಂಡಳು. ಬೋರ್ಡಿನ ಮೇಲೆ ‘ಓಕುಳಿ: ಭೌತಿಕ’ ಎಂದು ಬರೆದಳು. ಕೈ ಬರೆಯಿತು, ಅಷ್ಟೆ. ಮುಖ ಬೋರ್ಡಿನ ಕಡೆಗಿದ್ದದ್ದು ಒಳ್ಳೆಯದಾಯಿತು.

ಉಳಿದಿಬ್ಬರ ಪಾಠವೂ ಮುಗಿದ ಮೇಲೆ ಮಂದಾಕಿನಿಬೆನ್ ಕೈಕುಲುಕಿ, ಜೂನ್‌ನಲ್ಲಿ ಬಂದುಬಿಡಿ, ಇದೇ ಮಕ್ಕಳಿಗೆ ಮುಂದಿನ ವರ್ಷ ವಿಜ್ಞಾನ ನಿಮ್ಮದೇ ಎಂದರು. ಕುಣಿಯಬೇಕಾದ ಹೊತ್ತು. ನಳಿನಿಗೆ ತನ್ನ ಮೇಲೆಯೇ ಹೇಸಿಗೆಯಾಗಿ, ಒಮ್ಮೆ ಹೊರಗೆ ಬಿದ್ದರೆ ಸಾಕೆನಿಸಿತ್ತು.

ಮೆಟ್ಟಿಲಿಳಿಯುವಾಗ ಹಿಂದಿನಿಂದ ಕೃಪಾ ಓಡಿಬಂದಳು. ಕೈಯಲ್ಲಿ ನೋಟ್‌ಬುಕ್ಕು. ಹೊಸ ವಸ್ತು ಹುಟ್ಟಿದರೆ ರಾಸಾಯನಿಕ ಎಂದದ್ದನ್ನು ಬರೆದುಕೊಂಡಿದ್ದೇನೆ, ಕೆಳಗೆ ಭೌತಿಕ ಎಂದೂ ಇದೆ, ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿದಳು. ಮೇಲೆ ಆಫೀಸಿನ ಬಾಗಿಲಲ್ಲಿ ಮಂದಾಕಿನಿಬೆನ್ ನಿಂತಿದ್ದರು.

“ಮೇಲಿಂದು ಹೊಡೆದುಹಾಕು,” ಎಂದಳು ನಳಿನಿ ಹಿಂದಿಯಲ್ಲಿ.

ಹುಡುಗಿ ಅಲ್ಲೇ ಮೆಟ್ಟಿಲ ಮೇಲೆ ಕೂತು, ಸ್ಕೇಲ್ ಇಟ್ಟು ನೇರವಾಗಿ ಗೆರೆ ಎಳೆದಳು. ಥ್ಯಾಂಕ್ಯೂ ಟೀಚರ್ ಎಂದು ನಕ್ಕಳು.